ಮೂವತ್ತೇಳರ ಮಗ್ಗಿ: ವಿಕಿರಣಶೀಲತೆಯ ಅಳತೆಗಳ ಅದಲುಬದಲು

2009ರ ನವೆಂಬರ್‌ನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಕುಡಿಯುವ ನೀರಿನ ಕೂಲರೊಂದಕ್ಕೆ ಯಾರೋ ಬೇಕೆಂದೇ ಟ್ರಿಟಿಯಂ ತುಂಬಿದ ಭಾರಜಲ ಬೆರೆಸಿದ್ದು ಬಯಲಾಯಿತು. ಐವತ್ತಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ಟ್ರಿಟಿಯಂ ಮಾಮೂಲಿಗಿಂತ ಜಾಸ್ತಿ ಸಿಕ್ಕಿತು. ನೌಕರರಿಗೆ ನಿಗದಿಯಾದ ವರ್ಷಕ್ಕೆ 30 ಮಿಲಿಸೀವರ್ಟ್ ಮಿತಿಯನ್ನು ಇಬ್ಬರು ದಾಟಿದ್ದರು. ಆ ದಿನಗಳಲ್ಲಿ ಪತ್ರಿಕೆ ಓದಿದವರಿಗೆ ಸಹಜವಾಗಿಯೇ ಎದ್ದ ಪ್ರಶ್ನೆ: ಹಾಗಾದರೆ ಅವರು ಕುಡಿದ ಟ್ರಿಟಿಯಂ ಎಷ್ಟು? ಪ್ರಯೋಗಾಲಯ ಅಳೆಯುವುದು ಬೆಕೆರೆಲ್‌ನಲ್ಲಿ, ಹಳಬರು ಮಾತಾಡುವುದು ಕ್ಯೂರಿಯಲ್ಲಿ, ಕಾನೂನು ಮಿತಿ ಹಾಕುವುದು ಸೀವರ್ಟ್‌ನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಯಾವುದು?

ಲೆಕ್ಕ ಹಾಕಬಹುದು. ಟ್ರಿಟಿಯಂ ನೀರಿನ ಒಂದು ಬೆಕೆರೆಲ್ ವಯಸ್ಕರ ಹೊಟ್ಟೆ ಸೇರಿದರೆ 0.018 ನ್ಯಾನೊಸೀವರ್ಟ್ ಪ್ರಮಾಣ ಬೀಳುತ್ತದೆ ಎಂಬುದು ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಕೊಟ್ಟ ಗುಣಾಂಕ. 30 ಮಿಲಿಸೀವರ್ಟ್ ಆಗಬೇಕಾದರೆ ಸುಮಾರು 167 ಕೋಟಿ ಬೆಕೆರೆಲ್ ಬೇಕು. ಅದನ್ನೇ ಹಳೆಯ ಭಾಷೆಯಲ್ಲಿ ಹೇಳಿದರೆ 45 ಮಿಲಿಕ್ಯೂರಿ. 167 ಕೋಟಿ ಎಂದಾಗ ಎದೆ ಝಲ್ಲೆನ್ನುತ್ತದೆ, 45 ಎಂದಾಗ ಇಷ್ಟೇನಾ ಅನಿಸುತ್ತದೆ. ಎರಡೂ ಒಂದೇ. ಈ ಲೇಖನ ನೋಡಹೊರಟಿರುವುದು ಇದನ್ನೇ: ವಿಕಿರಣಶೀಲತೆಯ ಅಳತೆಗಳ ಪರಿವರ್ತನೆಯಲ್ಲಿ ಬರೀ ಗಣಿತ ಎಷ್ಟು, ಮನುಷ್ಯರ ತೀರ್ಮಾನ ಎಷ್ಟು?

ಗುಣಾಕಾರ ಎಲ್ಲಿ ಸಾಕು, ಎಲ್ಲಿ ಸಾಲದು

ಮೊದಲು ಸುಲಭದ ಭಾಗ. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಬೀಜದ ಕ್ಷಯ. ಕ್ಯೂರಿ ಎಂದರೆ ಸೆಕೆಂಡಿಗೆ 3,700 ಕೋಟಿ ಕ್ಷಯ. ಆದ್ದರಿಂದ 37ರ ಮಗ್ಗಿ ಬಂದರೆ ಸಾಕು: 1 ಮಿಲಿಕ್ಯೂರಿ 37 ಮೆಗಾಬೆಕೆರೆಲ್, 1 ಮೈಕ್ರೊಕ್ಯೂರಿ 37 ಕಿಲೊಬೆಕೆರೆಲ್, 1 ನ್ಯಾನೊಕ್ಯೂರಿ 37 ಬೆಕೆರೆಲ್. ತಿರುಗಿಸಿ ಹೇಳಿದರೆ ಒಂದು ಬೆಕೆರೆಲ್‌ಗೆ ಸುಮಾರು 27 ಪಿಕೊಕ್ಯೂರಿ. ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ಕಷ್ಟ ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಗ್ರೇ ಎಂಬುದು ಒಂದು ಕಿಲೊ ವಸ್ತು ಹೀರಿಕೊಂಡ ಶಕ್ತಿಯ ಅಳತೆ. 1 ಗ್ರೇ ಅಂದರೆ 100 ರಾಡ್. ಸೀವರ್ಟ್ ಎಂಬುದು ಆ ಶಕ್ತಿ ದೇಹಕ್ಕೆ ಮಾಡಬಹುದಾದ ಹಾನಿಯ ಅಂದಾಜು. 1 ಸೀವರ್ಟ್ ಅಂದರೆ 100 ರೆಮ್. ಬೆಕೆರೆಲ್‌ನಿಂದ ಸೀವರ್ಟ್‌ಗೆ ಹೋಗಲು ಯಾವ ಧಾತು, ಉಸಿರಲ್ಲಿ ಹೋಯಿತೋ ಅನ್ನದಲ್ಲಿ ಹೋಯಿತೋ, ಮಗುವೋ ಮುದುಕರೋ ಎಂಬುದೆಲ್ಲ ಗೊತ್ತಿರಬೇಕು. ಮಲೆನಾಡಿನ ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಕ್ಯೂರಿಯನ್ನು ಬೆಕೆರೆಲ್ ಮಾಡುವುದು ಎಕರೆಯನ್ನು ಹೆಕ್ಟೇರ್ ಮಾಡಿದಂತೆ. ಬೆಕೆರೆಲ್‌ನಿಂದ ಸೀವರ್ಟ್ ತೆಗೆಯುವುದು ಇಷ್ಟು ಎಕರೆಗೆ ಎಷ್ಟು ಕ್ವಿಂಟಲ್ ಅಡಿಕೆ ಎಂದು ಕೇಳಿದಂತೆ. ಮಣ್ಣು, ನೀರು, ಮರದ ವಯಸ್ಸು ಕೇಳದೆ ಉತ್ತರಿಸುವವನು ದಲ್ಲಾಳಿಯೇ ಇರಬೇಕು.

ರೇಡಿಯಂ ಗ್ರಾಂನಿಂದ ಸೆಕೆಂಡಿನವರೆಗೆ

ಹೆನ್ರಿ ಬೆಕೆರೆಲ್ 1896ರಲ್ಲಿ ಯುರೇನಿಯಂ ಲವಣದ ಕಿರಣಗಳನ್ನು ಕಂಡರು. ಮೇರಿ ಮತ್ತು ಪಿಯರ್ ಕ್ಯೂರಿ 1898ರಲ್ಲಿ ಪೊಲೊನಿಯಂ, ರೇಡಿಯಂ ಪತ್ತೆಮಾಡಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ರೇಡಿಯಂ ಚಿಕಿತ್ಸೆಗೂ ವ್ಯಾಪಾರಕ್ಕೂ ಇಳಿದಿತ್ತು, ಆದರೆ ಒಂದೊಂದು ಪ್ರಯೋಗಾಲಯಕ್ಕೂ ಒಂದೊಂದು ಅಳತೆ. 1910ರ ಬ್ರಸೆಲ್ಸ್ ಸಮ್ಮೇಳನ ಒಂದು ಗ್ರಾಂ ರೇಡಿಯಂನೊಂದಿಗೆ ಸಮತೋಲದಲ್ಲಿರುವ ರೇಡಾನ್ ಅನಿಲದ ಮೊತ್ತಕ್ಕೆ ‘ಕ್ಯೂರಿ’ ಎಂದು ಹೆಸರಿಟ್ಟಿತು. ಇನ್ನೂ ಚಿಕ್ಕ ಮೊತ್ತ ಸಾಕೆಂಬ ಸಲಹೆ ಇತ್ತು. ಕ್ಯೂರಿ ಹೆಸರು ಅಣುಮಾತ್ರದ ವಸ್ತುವಿಗೆ ಬೇಡ ಎಂದು ಮೇರಿ ಕ್ಯೂರಿ ಪಟ್ಟು ಹಿಡಿದರು. ಆ ಹಟದ ಫಲವಾಗಿ ಇವತ್ತಿಗೂ ಪರಿಸರದ ಮಾದರಿಗಳನ್ನು ಪಿಕೊಕ್ಯೂರಿಯಲ್ಲಿ, ಅಂದರೆ ಕ್ಯೂರಿಯ ಲಕ್ಷ ಕೋಟಿಯ ಒಂದಂಶದಲ್ಲಿ, ಬರೆಯಬೇಕಾಗಿದೆ.

1911ರಲ್ಲಿ ಮೇರಿ ಕ್ಯೂರಿ ಸುಮಾರು 22 ಮಿಲಿಗ್ರಾಂ ರೇಡಿಯಂ ಕ್ಲೋರೈಡನ್ನು ಗಾಜಿನ ಕೊಳವೆಯಲ್ಲಿ ಮುಚ್ಚಿ ಅಂತಾರಾಷ್ಟ್ರೀಯ ಮಾದರಿ ಸಿದ್ಧಪಡಿಸಿದರು. ವಿಯೆನ್ನಾದಲ್ಲಿ ಊಟೆಗಳ ನೀರಿನ ರೇಡಾನ್ ಅಳೆಯಲು ‘ಮಾಖೆ’ ಎಂಬ ಬೇರೆಯೇ ಅಳತೆ ಬಳಕೆಯಲ್ಲಿತ್ತು. ಅದು ಲೀಟರಿಗೆ ಸುಮಾರು 13.5 ಬೆಕೆರೆಲ್‌ಗೆ ಸಮ. ಅಳತೆ ಸೂಕ್ಷ್ಮವಾದಂತೆಲ್ಲ ಒಂದು ಗ್ರಾಂ ರೇಡಿಯಂ ಸೆಕೆಂಡಿಗೆ ಎಷ್ಟು ಬಾರಿ ಕ್ಷಯಿಸುತ್ತದೆ ಎಂಬ ಸಂಖ್ಯೆ ಬದಲಾಗುತ್ತಲೇ ಹೋಯಿತು. ಅಳತೆಗೋಲೇ ಅಲುಗಾಡಿದರೆ ಏನು ಮಾಡುವುದು? 1946ರಲ್ಲಿ ಅಮೆರಿಕದ ಕಾಂಡನ್ ಮತ್ತು ಕರ್ಟಿಸ್ ಸೆಕೆಂಡಿಗೆ ಹತ್ತು ಲಕ್ಷ ಕ್ಷಯ ಎಂಬ ‘ರುದರ್‌ಫರ್ಡ್’ ಏಕಮಾನ ಸೂಚಿಸಿದರು, ಅದು ನಿಲ್ಲಲಿಲ್ಲ. 1950ರ ಹೊತ್ತಿಗೆ ರೇಡಿಯಂನ ಹಂಗು ಬಿಟ್ಟು ಕ್ಯೂರಿಯನ್ನು 3,700 ಕೋಟಿಗೆ ಕಟ್ಟಿಹಾಕಲಾಯಿತು. ಇಂದಿನ ಲೆಕ್ಕದಲ್ಲಿ ಒಂದು ಗ್ರಾಂ ರೇಡಿಯಂ ಪೂರ್ತಿ ಒಂದು ಕ್ಯೂರಿ ಅಲ್ಲ, 0.99 ಕ್ಯೂರಿ.

1975ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಬೆಕೆರೆಲ್ ಮತ್ತು ಗ್ರೇಗಳನ್ನು ಒಪ್ಪಿತು, 1979ರಲ್ಲಿ ಸೀವರ್ಟನ್ನು. ಯುರೋಪು 1985ರ ಕೊನೆಗೆ ಹಳೆಯ ಅಳತೆಗಳಿಗೆ ಗಡುವು ಹಾಕಿತು. ನಾಲ್ಕೇ ತಿಂಗಳಿಗೆ ಚೆರ್ನೊಬಿಲ್ ಸಿಡಿಯಿತು. ಸೋವಿಯತ್ ಕಡೆಯಿಂದ ಕ್ಯೂರಿ, ರಾಂಟ್‌ಜೆನ್, ರೆಮ್. ಯುರೋಪಿನ ಕಡೆಯಿಂದ ಬೆಕೆರೆಲ್, ಸೀವರ್ಟ್. ಜನ ಗೊಂದಲಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಬೆಕೆರೆಲ್ ಒಂದೇ ಸಾಕು ಎನ್ನುವವರು

ಮೊದಲ ಪಕ್ಷ ಮಾಪನ ವಿಜ್ಞಾನಿಗಳದು. ಸೆಕೆಂಡಿಗೆ ಒಂದು ಕ್ಷಯ ಎಂಬುದಕ್ಕಿಂತ ಸ್ಪಷ್ಟವಾದ ಅಳತೆ ಇರಲಾರದು. ಯಾವ ಧಾತುವಿನ ಗ್ರಾಂಗೂ ಅದು ಜೋತುಬಿದ್ದಿಲ್ಲ. ಹತ್ತರ ಘಾತಗಳಲ್ಲಿ ಮೇಲೆ ಕೆಳಗೆ ಹೋಗಬಹುದು ಎಂಬುದು ಅವರ ವಾದ. ಕರ್ನಾಟಕದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಬಹುಮಟ್ಟಿಗೆ ಈ ದಾರಿಯಲ್ಲೇ ಇವೆ. ಕೈಗಾ ಸುತ್ತಲಿನ ಮಣ್ಣನ್ನೂ ಉಳ್ಳಾಲ ಕಡಲತೀರದ ಮೊನಜೈಟ್ ಮರಳನ್ನೂ ಅಳೆದ ಮಂಗಳೂರು ವಿಶ್ವವಿದ್ಯಾಲಯದವರು, ಶಿವಮೊಗ್ಗ ಜಿಲ್ಲೆಯ ನೆಲದ ಗಾಮಾ ವಿಕಿರಣ ಅಳೆದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು ಕಿಲೊಗೆ ಇಷ್ಟು ಬೆಕೆರೆಲ್ ಎಂದೇ ಬರೆಯುವವರು.

ಆದರೆ ಇದೇ ಪ್ರಬಂಧಗಳನ್ನು ಹತ್ತಿರದಿಂದ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಮನೆ ಕಟ್ಟುವ ಕಲ್ಲು, ಇಟ್ಟಿಗೆ, ಮಣ್ಣು ಸುರಕ್ಷಿತವೇ ಎಂದು ನೋಡಲು ‘ರೇಡಿಯಂ ಸಮಾನಾಂಕ’ ಎಂಬ ಸೂತ್ರ ಬಳಸುತ್ತಾರೆ: ರೇಡಿಯಂನ ಬೆಕೆರೆಲ್, ಅದಕ್ಕೆ ಥೋರಿಯಂನ 1.43 ಪಟ್ಟು, ಪೊಟ್ಯಾಸಿಯಂನ 0.077 ಪಟ್ಟು ಕೂಡಿಸು. ಮೊತ್ತ ಕಿಲೊಗೆ 370 ಮೀರಬಾರದು. ಈ ಸೂತ್ರದ ಬೇರು ಹೀಗಿದೆ: 370 ಬೆಕೆರೆಲ್ ರೇಡಿಯಂ, 259 ಬೆಕೆರೆಲ್ ಥೋರಿಯಂ, 4,810 ಬೆಕೆರೆಲ್ ಪೊಟ್ಯಾಸಿಯಂ ಒಂದೇ ಸಮ ಗಾಮಾ ಪ್ರಮಾಣ ಕೊಡುತ್ತವೆ. ಮೂರನ್ನೂ 37ರಿಂದ ಭಾಗಿಸಿ: 10, 7, 130. ಗ್ರಾಂಗೆ ಇಷ್ಟು ಪಿಕೊಕ್ಯೂರಿ ಎಂಬ ಹಳೆಯ ದುಂಡು ಅಂಕಿಗಳು ಬೆಕೆರೆಲ್ ವೇಷದಲ್ಲಿ ಕೂತಿವೆ. ಹೊಸ ಏಕಮಾನ ಬಂದಿತು, ಹಳೆಯ ದುಂಡಂಕಿಯ ಅಧಿಕಾರ ಹೋಗಲಿಲ್ಲ.

ಇಂಥವು ಬೇಕಾದಷ್ಟಿವೆ. ಚೆರ್ನೊಬಿಲ್ ನಂತರ ಯುರೋಪು ಹಾಲಿಗೆ ಇಟ್ಟ ಮಿತಿ ಕಿಲೊಗೆ 370 ಬೆಕೆರೆಲ್, ಅಂದರೆ ಸರಿಯಾಗಿ 10 ನ್ಯಾನೊಕ್ಯೂರಿ. ಸೀಸಿಯಂ ಬಿದ್ದ ನೆಲವನ್ನು ವಲಯ ಮಾಡಿದ್ದು ಚದರ ಮೀಟರಿಗೆ 37, 185, 555, 1,480 ಕಿಲೊಬೆಕೆರೆಲ್‌ಗಳ ಗೆರೆಗಳಲ್ಲಿ. ಮೂಲದಲ್ಲಿ ಅವು ಚದರ ಕಿಲೊಮೀಟರಿಗೆ 1, 5, 15, 40 ಕ್ಯೂರಿ. ಅಮೆರಿಕ ಮನೆಯೊಳಗಿನ ರೇಡಾನ್‌ಗೆ ಇಟ್ಟ ಲೀಟರಿಗೆ 4 ಪಿಕೊಕ್ಯೂರಿ ಮಿತಿ ಬೆಕೆರೆಲ್‌ನಲ್ಲಿ ಘನಮೀಟರಿಗೆ 148; ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ್ದು 100. ನಡುವಿನ 48ರ ಅಂತರದಲ್ಲಿ ವಿಜ್ಞಾನದಷ್ಟೇ ದುಂಡಂಕಿಯ ಪಾಲೂ ಇದೆ.

ಕ್ಯೂರಿ ಬಿಡಲಾರದವರು

ಎರಡನೆಯ ಪಕ್ಷ ಕೈಯಲ್ಲಿ ಕೆಲಸ ಮಾಡುವವರದು. ಭಾರತದ ಕಾನೂನುಬದ್ಧ ಮಾಪನ ಎಸ್‌ಐ ಪದ್ಧತಿಯೇ ಆದರೂ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ‘ಇಪ್ಪತ್ತು ಮಿಲಿಕ್ಯೂರಿ ಟೆಕ್ನೀಷಿಯಂ’ ಎನ್ನುವ ಮಾತು ಈಗಲೂ ಚಾಲ್ತಿಯಲ್ಲಿದೆ. 740 ಮೆಗಾಬೆಕೆರೆಲ್ ಎಂದು ಬಾಯಲ್ಲಿ ಹೇಳುವವರು ಕಡಿಮೆ. ಎರಕ ಮತ್ತು ಬೆಸುಗೆಯ ಬಿರುಕು ಹುಡುಕುವ ಗಾಮಾ ರೇಡಿಯಾಗ್ರಫಿಯಲ್ಲೂ ಹಾಗೆಯೇ. ಭದ್ರಾವತಿಯಂಥ ಉಕ್ಕಿನ ಊರಿನವರಿಗೆ ಈ ಕಸುಬಿನ ಪರಿಚಯ ಇರುತ್ತದೆ. ಇರಿಡಿಯಂ–192 ಮೂಲದ ಅರ್ಧಾಯುಷ್ಯ 74 ದಿನ. ಇವತ್ತು 40 ಕ್ಯೂರಿ ಇದ್ದದ್ದು ಎರಡೂವರೆ ತಿಂಗಳಿಗೆ 20, ಇನ್ನೆರಡೂವರೆ ತಿಂಗಳಿಗೆ 10. ಫಿಲ್ಮಿಗೆ ಎಷ್ಟು ಹೊತ್ತು ಕಿರಣ ಹಾಯಿಸಬೇಕು ಎಂಬ ಅಂದಾಜೆಲ್ಲ ಈ ಅಂಕಿಗಳ ಮೇಲೇ ನಿಂತಿದೆ. 1.48 ಟೆರಾಬೆಕೆರೆಲ್ ಎಂದರೆ ತಪ್ಪೇನಿಲ್ಲ, ಆದರೆ ಅನುಭವ ಕೂತಿರುವುದು ಕ್ಯೂರಿಯ ಮೇಲೆ.

ಇವರ ವಾದವನ್ನು ಬರೀ ಹಳೆಯ ಚಾಳಿ ಎಂದು ತಳ್ಳಿಹಾಕುವಂತಿಲ್ಲ. ಮಿಲಿ ಮತ್ತು ಮೆಗಾ ನಡುವೆ ಕೈತಪ್ಪಿದರೆ ರೋಗಿಗೆ ಹೋಗುವ ಔಷಧದ ಮೊತ್ತವೇ ಬದಲಾಗುತ್ತದೆ; ಒಂದೇ ಕೆಲಸದ ಜಾಗದಲ್ಲಿ ಎರಡು ಭಾಷೆ ಇರುವುದಕ್ಕಿಂತ ಒಂದು ಹಳೆಯ ಭಾಷೆ ಇರುವುದು ಕ್ಷೇಮ. ಆದರೆ ಪೇಟೆ ಜಗತ್ತಿಗೆ ಬೆಸೆದುಕೊಂಡ ಮೇಲೆ ಈ ವಾದ ಸಡಿಲವಾಗುತ್ತದೆ. 2008ರಲ್ಲಿ ಭಾರತದ ಉಕ್ಕಿನಿಂದ ಮಾಡಿದ ಲಿಫ್ಟ್ ಗುಂಡಿಗಳಲ್ಲಿ ಕೋಬಾಲ್ಟ್–60 ಇರುವುದನ್ನು ಫ್ರಾನ್ಸ್ ಪತ್ತೆಮಾಡಿತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಅಂಗಡಿಯಲ್ಲಿ ಅದೇ ಕೋಬಾಲ್ಟ್ ಒಂದು ಜೀವ ತೆಗೆಯಿತು. ಗುಜರಿ ಕರಗಿಸಿ ಉಕ್ಕು ಮಾಡುವವನು ಇವತ್ತು ಗ್ರಾಂಗೆ ಇಷ್ಟು ಬೆಕೆರೆಲ್ ಎಂಬ ಪ್ರಮಾಣಪತ್ರ ಓದಲೇಬೇಕು.

ದೇಹದ ಲೆಕ್ಕ ಕೇಳುವವರು

ಮೂರನೆಯ ಪಕ್ಷ ವಿಕಿರಣ ರಕ್ಷಣೆಯವರದು. ಎಷ್ಟು ಕ್ಷಯ ಎಂಬುದು ಅವರಿಗೆ ಅರ್ಧ ಸುದ್ದಿ. ದೇಹಕ್ಕೆ ಏನಾಯಿತು ಎಂಬುದೇ ಪೂರ್ತಿ ಸುದ್ದಿ. ಒಂದೇ ಒಂದು ಬೆಕೆರೆಲ್ ಹೊಟ್ಟೆಗೆ ಹೋದರೆ ವಯಸ್ಕರಿಗೆ ಬೀಳುವ ಪ್ರಮಾಣ ಟ್ರಿಟಿಯಂ ನೀರಿಗೆ 0.018 ನ್ಯಾನೊಸೀವರ್ಟ್, ಪೊಟ್ಯಾಸಿಯಂ–40ಕ್ಕೆ 6.2, ಸೀಸಿಯಂ–137ಕ್ಕೆ 13, ಅಯೋಡಿನ್–131ಕ್ಕೆ 22, ಪೊಲೊನಿಯಂ–210ಕ್ಕೆ 1,200. ಟ್ರಿಟಿಯಂಗೂ ಪೊಲೊನಿಯಂಗೂ ಅರವತ್ತಾರು ಸಾವಿರ ಪಟ್ಟಿಗೂ ಮಿಗಿಲಾದ ಅಂತರ. ಧಾತುವಿನ ಹೆಸರಿಲ್ಲದ ಬೆಕೆರೆಲ್ ಸಂಖ್ಯೆ ಅಪಾಯದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈ ಪಕ್ಷದೊಳಗೇ ಮತ್ತೆ ಒಡಕಿದೆ, ಅದು ಎದ್ದು ಕಾಣುವುದು ರೇಡಾನ್‌ನಲ್ಲಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮನೆಯೊಳಗಿನ ರೇಡಾನ್ ಅಳೆಯಲು ಬಳಸುವ ಅಗ್ಗದ ಉಪಾಯ ಎಲ್‌ಆರ್–115 ಎಂಬ ಪ್ಲಾಸ್ಟಿಕ್ ಫಿಲ್ಮ್. ಪುಟ್ಟ ಡಬ್ಬಿಯಲ್ಲಿಟ್ಟು ಮೂರು ತಿಂಗಳು ಮನೆಯಲ್ಲಿ ತೂಗುಹಾಕುತ್ತಾರೆ. ಆಲ್ಫಾ ಕಣ ತಾಗಿದಲ್ಲಿ ಕಣ್ಣಿಗೆ ಕಾಣದ ಗಾಯ. ಫಿಲ್ಮನ್ನು 60 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದೂವರೆ ತಾಸು ಇಟ್ಟರೆ ಗಾಯಗಳು ತೂತುಗಳಾಗುತ್ತವೆ. ಅವನ್ನು ಎಣಿಸಿ, ಚದರ ಸೆಂಟಿಮೀಟರಿಗೆ ದಿನಕ್ಕೆ ಎಷ್ಟು ತೂತು ಎಂದು ತೆಗೆದು, ಮೊದಲೇ ಗೊತ್ತುಮಾಡಿದ ಗುಣಾಂಕದಿಂದ ಘನಮೀಟರಿಗೆ ಇಷ್ಟು ಬೆಕೆರೆಲ್ ಎನ್ನುತ್ತಾರೆ. ತೂತಿನ ಎಣಿಕೆ ಮಾತ್ರ ಇಲ್ಲಿ ಕಣ್ಣಾರೆ ಕಂಡದ್ದು, ಉಳಿದದ್ದು ಪರಿವರ್ತನೆ.

ಈಗ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಒಂದು ಮನೆಯಲ್ಲಿ ರೇಡಾನ್ ಘನಮೀಟರಿಗೆ 40 ಬೆಕೆರೆಲ್ ಇದೆ ಎಂದಿಟ್ಟುಕೊಳ್ಳೋಣ. ಜಗತ್ತಿನ ಮನೆಗಳ ಸರಾಸರಿ ಅಷ್ಟೇ. ರೇಡಾನ್‌ಗೂ ಅದರ ಮರಿ ಧಾತುಗಳಿಗೂ ಸಮತೋಲದ ಅಂಶ 0.4, ಮನೆಯೊಳಗೆ ಕಳೆಯುವ ಹೊತ್ತು ವರ್ಷಕ್ಕೆ 7,000 ಗಂಟೆ. ವಿಶ್ವಸಂಸ್ಥೆಯ ವಿಕಿರಣ ಪರಿಣಾಮ ಸಮಿತಿಯ ಗುಣಾಂಕ ಹಾಕಿದರೆ ವರ್ಷಕ್ಕೆ 1 ಮಿಲಿಸೀವರ್ಟ್. ವಿಕಿರಣ ರಕ್ಷಣಾ ಆಯೋಗ 1993ರಲ್ಲಿ ಗಣಿ ಕಾರ್ಮಿಕರ ಕ್ಯಾನ್ಸರ್ ದಾಖಲೆ ನೋಡಿ ಕೊಟ್ಟ ಗುಣಾಂಕ ಹಾಕಿದರೆ ಸುಮಾರು 0.7. ಅದೇ ಆಯೋಗ 2017ರಲ್ಲಿ ಕೊಟ್ಟ ಹೊಸ ಗುಣಾಂಕದಲ್ಲಿ ಸುಮಾರು 1.9. ಮನೆ ಅದೇ, ಗಾಳಿ ಅದೇ, ತೂತುಗಳೂ ಅವೇ. ಉತ್ತರ ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಪ್ರಬಂಧದಲ್ಲಿ ಯಾವ ಗುಣಾಂಕ ಎಂದು ಹೇಳದಿದ್ದರೆ ಜಿಲ್ಲೆ ಜಿಲ್ಲೆಗಳ ಹೋಲಿಕೆಗೆ ಅರ್ಥವೇ ಇಲ್ಲ.

ಕುಡಿಯುವ ನೀರು: ತೂಕವೋ ಕ್ಷಯವೋ

ಕರ್ನಾಟಕದ ಜನಕ್ಕೆ ಈ ಚರ್ಚೆ ಹತ್ತಿರವಾಗುವುದು ಕೊಳವೆಬಾವಿಯಲ್ಲಿ. ರಾಜ್ಯದ ಪೂರ್ವ ಭಾಗದ ಗ್ರಾನೈಟ್ ಮತ್ತು ನೈಸ್ ಶಿಲೆಯ ಪ್ರದೇಶದಲ್ಲಿ ಆಳದ ನೀರಿಗೆ ಯುರೇನಿಯಂ ಇಳಿಯುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸೇರಿ ಹಲವರು ದಾಖಲಿಸಿದ್ದಾರೆ. ವರದಿಗಳು ಬರುವುದು ಲೀಟರಿಗೆ ಇಷ್ಟು ಮೈಕ್ರೊಗ್ರಾಂ ಎಂದು. ಓದುಗ ಕೇಳುವುದು: ಅದರಲ್ಲಿ ವಿಕಿರಣ ಎಷ್ಟು?

ನೈಸರ್ಗಿಕ ಯುರೇನಿಯಂನ ಒಂದು ಮೈಕ್ರೊಗ್ರಾಂಗೆ ಸುಮಾರು 0.025 ಬೆಕೆರೆಲ್. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ 30 ಮೈಕ್ರೊಗ್ರಾಂ ಎಂದರೆ ಲೀಟರಿಗೆ 0.76 ಬೆಕೆರೆಲ್. ದಿನಕ್ಕೆ ಎರಡು ಲೀಟರಿನಂತೆ ವರ್ಷವಿಡೀ ಕುಡಿದರೂ 0.03 ಮಿಲಿಸೀವರ್ಟ್ ಮುಟ್ಟುವುದಿಲ್ಲ. ಸಾರ್ವಜನಿಕರಿಗೆ ಇಟ್ಟ ಮಿತಿ ವರ್ಷಕ್ಕೆ 1. ಹಾಗಾದರೆ 30 ಏಕೆ? ಯುರೇನಿಯಂ ಮೊದಲು ಕೆಡಿಸುವುದು ಮೂತ್ರಪಿಂಡವನ್ನು, ಅದೂ ಸೀಸದಂಥ ರಾಸಾಯನಿಕ ವಿಷವಾಗಿ. ಆ ಮಿತಿಯೂ ನಿಂತ ನೀರಲ್ಲ: 1998ರಲ್ಲಿ 2 ಇದ್ದದ್ದು 2004ಕ್ಕೆ 15, 2011ಕ್ಕೆ 30 ಆಯಿತು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟುಕೊಂಡು ಬಂದದ್ದು 60. ಇಲ್ಲಿ ಬೆಕೆರೆಲ್‌ಗೆ ಪರಿವರ್ತಿಸಿ ‘ವಿಕಿರಣ ಕಡಿಮೆ, ಹೆದರಬೇಡಿ’ ಎನ್ನುವುದು ಗಣಿತದಲ್ಲಿ ಸರಿ, ಆರೋಗ್ಯದಲ್ಲಿ ತಪ್ಪು. ಇನ್ನೊಂದು ತೊಡಕೂ ಇದೆ: ಅಂತರ್ಜಲದಲ್ಲಿ ಯುರೇನಿಯಂ–234 ಮತ್ತು 238 ಸಮತೋಲದಲ್ಲಿ ಇರುವುದಿಲ್ಲ, ಹಾಗಾಗಿ 0.025 ಎಂಬ ಗುಣಾಂಕವೇ ಬಾವಿಯಿಂದ ಬಾವಿಗೆ ಬದಲಾಗುತ್ತದೆ.

ಟ್ರಿಟಿಯಂನದು ಇನ್ನೊಂದು ಕಥೆ. ಕುಡಿಯುವ ನೀರಿಗೆ ಲೀಟರಿಗೆ ಯುರೋಪು 100 ಬೆಕೆರೆಲ್ ಎನ್ನುತ್ತದೆ, ಅಮೆರಿಕ 740, ಕೆನಡಾ 7,000, ವಿಶ್ವ ಆರೋಗ್ಯ ಸಂಸ್ಥೆ 10,000. ನೂರು ಪಟ್ಟು ಅಂತರ ಕಂಡು ಯಾರೋ ಸುಳ್ಳು ಹೇಳುತ್ತಿದ್ದಾರೆ ಅನಿಸಬಹುದು. ನಿಜದಲ್ಲಿ ಕೆನಡಾ ಮತ್ತು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ 0.1 ಮಿಲಿಸೀವರ್ಟ್ ಎಂಬ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕಿದವು. ಅಮೆರಿಕ ಅದಕ್ಕಿಂತ ಬಿಗಿಯಾದ ಹಳೆಯ ಗುರಿಯಿಂದ 20,000 ಪಿಕೊಕ್ಯೂರಿ ಎಂದು ತೆಗೆದದ್ದು 740 ಆಯಿತು. ಯುರೋಪಿನ 100 ಅಪಾಯದ ಗೆರೆಯೇ ಅಲ್ಲ, ‘ಎಲ್ಲಿಂದ ಬಂತು, ವಿಚಾರಿಸು’ ಎಂಬ ಎಚ್ಚರಿಕೆಯ ಗಂಟೆ. ಭಾರಜಲ ರಿಯಾಕ್ಟರುಗಳಲ್ಲಿ ಟ್ರಿಟಿಯಂ ಹುಟ್ಟುವುದು ಸಹಜವಾದ್ದರಿಂದ ನಾಲ್ಕು ಘಟಕಗಳ ಕೈಗಾ ಇರುವ ನಮ್ಮ ರಾಜ್ಯಕ್ಕೆ ಈ ವ್ಯತ್ಯಾಸ ತಿಳಿದಿರಬೇಕು.

ಹೋಲಿಸಿ ಹೇಳುವವರು

ನಾಲ್ಕನೆಯ ಪಕ್ಷ ಏಕಮಾನಗಳನ್ನೇ ಬದಿಗಿಟ್ಟು ಬಾಳೆಹಣ್ಣಿನ ಲೆಕ್ಕ ಹೇಳುತ್ತದೆ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸುಮಾರು 31 ಬೆಕೆರೆಲ್ ಸಹಜವಾಗಿಯೇ ಇದೆ. ಮಧ್ಯಮ ಗಾತ್ರದ ಬಾಳೆಹಣ್ಣೊಂದರಲ್ಲಿ ಸುಮಾರು 13. 70 ಕಿಲೊ ತೂಗುವ ಮನುಷ್ಯನ ಮೈಯಲ್ಲಿ ಸುಮಾರು 4,400. ದೊಡ್ಡ ಸಂಖ್ಯೆಯ ಭಯ ಇಳಿಸಲು ಇದು ಒಳ್ಳೆಯ ಉಪಾಯ. ಆದರೆ ದೇಹ ಪೊಟ್ಯಾಸಿಯಂ ಅನ್ನು ಒಂದು ಮಟ್ಟದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚು ಬಾಳೆಹಣ್ಣು ತಿಂದರೆ ಹೆಚ್ಚಿನದು ಹೊರಗೆ ಹೋಗುತ್ತದೆ. ಸೀಸಿಯಂ, ಪೊಲೊನಿಯಂಗಳಿಗೆ ಆ ಕಡಿವಾಣವಿಲ್ಲ. ಹೋಲಿಕೆ ಸಮಾಧಾನಕ್ಕೆ ಸರಿ, ತೀರ್ಪಿಗೆ ಸಾಲದು.

ಇತ್ಯರ್ಥವಾಗದೆ ಉಳಿದದ್ದು

ರೇಡಾನ್‌ನ ಗುಣಾಂಕದಲ್ಲಿ ವಿಶ್ವಸಂಸ್ಥೆಯ ಸಮಿತಿ ಒಂದು ಕಡೆ, ರಕ್ಷಣಾ ಆಯೋಗ ಇನ್ನೊಂದು ಕಡೆ ನಿಂತಿವೆ. ಗಣಿ ಕಾರ್ಮಿಕರ ದಾಖಲೆಯನ್ನು ನಂಬಬೇಕೋ ಶ್ವಾಸಕೋಶದ ಗಣಕ ಮಾದರಿಯನ್ನೋ ಎಂಬುದು ತೀರ್ಮಾನವಾಗಿಲ್ಲ. ದೇಹದ ಸಾವಯವ ಅಣುಗಳಿಗೆ ಅಂಟಿಕೊಂಡ ಟ್ರಿಟಿಯಂಗೆ ನೀರಿನ ಟ್ರಿಟಿಯಂಗಿಂತ ಹೆಚ್ಚಿನ ಗುಣಾಂಕವಿದೆ, ಅದು ಸಾಕೇ ಎಂಬ ಚರ್ಚೆ ನಡೆದೇ ಇದೆ. ಕೆಳಮಟ್ಟದ ವಿಕಿರಣದಲ್ಲಿ ಅಪಾಯ ಪ್ರಮಾಣಕ್ಕೆ ತಕ್ಕಂತೆ ನೇರವಾಗಿ ಇಳಿಯುತ್ತದೆ ಎಂಬ ಊಹೆಯ ಮೇಲೆ ಸೀವರ್ಟ್ ನಿಂತಿದೆ. ಆ ಊಹೆಯನ್ನು ಒಪ್ಪದವರು ಎರಡೂ ದಿಕ್ಕಿನಲ್ಲಿದ್ದಾರೆ. ಅಂಗಕ್ಕೂ ಇಡೀ ದೇಹಕ್ಕೂ ಮಾಪಕದ ಓದಿಗೂ ಒಂದೇ ‘ಸೀವರ್ಟ್’ ಬಳಸುವುದು ಸರಿಯೇ ಎಂಬುದೂ ಮುಗಿಯದ ವಾದ.

ಇವು ಯಾವುವೂ 37ರ ಮಗ್ಗಿಯಿಂದ ಬಗೆಹರಿಯುವಂಥವಲ್ಲ. ಕ್ಯೂರಿ–ಬೆಕೆರೆಲ್ ಜಗಳ ಮುಗಿದ ಜಗಳ. ಬೆಕೆರೆಲ್ ಗೆದ್ದಿದೆ, ಕ್ಯೂರಿ ಬಳಕೆಯಲ್ಲಿ ಉಳಿದಿದೆ, ನಷ್ಟವೇನಿಲ್ಲ. ನಿಜವಾದ ಜಗಳ ಗುಣಾಂಕಗಳದು. ಆದ್ದರಿಂದ ಕೊಳವೆಬಾವಿಯ ವರದಿಯೋ ಸ್ಥಾವರದ ಹೇಳಿಕೆಯೋ ಸ್ಕ್ಯಾನ್ ಚೀಟಿಯೋ ಕೈಗೆ ಬಂದಾಗ ಓದುಗರು ಮೂರು ಮಾತು ಕೇಳಬೇಕು: ಯಾವ ಧಾತು? ಯಾವುದರ ಎಷ್ಟಕ್ಕೆ, ಲೀಟರಿಗೋ ಕಿಲೊಗೋ ಘನಮೀಟರಿಗೋ? ಸೀವರ್ಟ್ ಮಾಡಿದ್ದರೆ ಯಾರ ಗುಣಾಂಕದಿಂದ, ಯಾವ ವರ್ಷದ್ದು? ಈ ಮೂರಕ್ಕೆ ಉತ್ತರವಿಲ್ಲದ ಸಂಖ್ಯೆ ಕೋಟಿಯಲ್ಲಿರಲಿ, ದಶಾಂಶದಲ್ಲಿರಲಿ, ಅದನ್ನು ನಂಬಿ ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ.